ಮಿಲ್ ಮುಚ್ಚಿದ ಮೇಲೆ ದಾವಣಗೆರೆ ನಿಂತಿದ್ದು ಮೆಡಿಕಲ್ ಕಾಲೇಜಿನ ಮೇಲೆ: ಹೌದೋ ಅಲ್ವೋ?

ಗುಂಡಿ ಸರ್ಕಲ್:
ನಿನ್ನೆ ಮನೇಲಿ ಹೋಳಿಗೆ ಊಟ. ಹೋಳಿಗೆ ಬಾಯಲ್ಲಿ ಇರೋವಾಗ್ಲೇ ನನಗೂ ನಮ್ಮ ಭಾವನಿಗೂ ಹತ್ತಿಕೊಂಡ್ತು. ಭಾವ ಅಂದ್ರೆ ಅಕ್ಕನ ಗಂಡ, ಚಿತ್ರದುರ್ಗದವರು. ಅವರ ಮಾತು ಹಿಂಗಿತ್ತು: "ನಿಮ್ಮೂರಲ್ಲಿ ಮಿಲ್ ಹೋಯ್ತು, ದೋಸೆ ಉಳೀತು. ಜೆ.ಜೆ.ಎಂ. ಮೆಡಿಕಲ್ ಕಾಲೇಜು ಅಂತ ಕುಣೀತೀರಲ್ಲ, ಅದು ಊರಿನದಲ್ಲ, ದುಡ್ಡಿದ್ದೋರದು. ಹೊರಗಿನೋರು ಬಂದ್ರು, ಓದಿದ್ರು, ಹೋದ್ರು. ನಿಮ್ಮ ಮನೇಲಿ ಯಾರಾದ್ರೂ ಡಾಕ್ಟ್ರು ಆಗ್ಯಾರಾ?"

ಆಗಿಲ್ಲ, ನಿಜ. ಆದ್ರೂ ನನಗೆ ಒಪ್ಪೋಕಾಗಲಿಲ್ಲ. ಊರಿನ ಜನ ಸೇರಿ ಕಟ್ಟಿದ ಕಾಲೇಜು, ಅದಿಲ್ಲದಿದ್ರೆ ಇವತ್ತು ದಾವಣಗೆರೆ ಒಂದು ದೊಡ್ಡ ಮಂಡಿಪೇಟೆ ಆಗಿರ್ತಿತ್ತು ಅಷ್ಟೇ ಅಂದೆ. ಇಸವಿ, ಹೆಸರು ಕೇಳಿದ್ರು ನೋಡಿ, ಅಲ್ಲಿ ತಡವರಿಸಿದೆ. ಗೊತ್ತಿರೋರು ಹೇಳ್ರಪ್ಪ. ಮುಂದಿನ ಹೋಳಿಗೆಗೆ ಮುಂಚೆ ತಯಾರಾಗಬೇಕು.

ಮಂಡಕ್ಕಿ ಭಟ್ಟಿ:
ಭಾವನಿಗೆ ಎರಡನೇ ಹೋಳಿಗೆ ಹಾಕಬಾರದಿತ್ತು.

ಪಿಬಿ ರೋಡ್:
ಕಾಲೇಜು 79ರದ್ದಲ್ವಾ? ನಮ್ಮ ಚಿಕ್ಕಪ್ಪ ಮೊದಲನೇ ಬ್ಯಾಚು ಅಂತ ಹೇಳ್ಕೊಂಡು ಓಡಾಡ್ತಾರೆ.

ನಿವೃತ್ತ ಮೇಷ್ಟ್ರು:
ನಿಮ್ಮ ಚಿಕ್ಕಪ್ಪ ಎಂಜಿನಿಯರೋ ಹಲ್ಲಿನ ಡಾಕ್ಟರೋ ಇರಬೇಕು. 1979 ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜು ಮತ್ತು ಬಾಪೂಜಿ ಡೆಂಟಲ್ ಕಾಲೇಜು ಶುರುವಾದ ವರ್ಷ. ಮೆಡಿಕಲ್ ಕಾಲೇಜು 1965. ಅದನ್ನು ಶುರು ಮಾಡಿದ್ದು ಬಾಪೂಜಿ ವಿದ್ಯಾಸಂಸ್ಥೆ, ಎಲ್ಲರೂ ಬಿ.ಇ.ಎ. ಅನ್ನೋದು. ಆ ಸಂಸ್ಥೆ ಹುಟ್ಟಿದ್ದು 1958ರಲ್ಲಿ, ರಾಜನಹಳ್ಳಿ ಮದ್ದೂರಾಯಪ್ಪನವರ ಮುಂದಾಳತ್ವದಲ್ಲಿ. ಈಗಿನ ಹುಡುಗರು ಡಿ.ಆರ್.ಎಂ., ಡಿ.ಆರ್.ಆರ್., ಆರ್.ಎಲ್. ಅಂತ ಅಕ್ಷರ ಹೇಳ್ತಾರೆ, ಬಿಡಿಸಿ ಹೇಳು ಅಂದ್ರೆ ಗೊತ್ತಿಲ್ಲ. ಮೂರರಲ್ಲೂ ಇರೋ ಆ 'ಆರ್' ಅಂದ್ರೆ ರಾಜನಹಳ್ಳಿ. ಸೈನ್ಸ್ ಕಾಲೇಜಿಗೆ ಮದ್ದೂರಾಯಪ್ಪ, ಪಾಲಿಟೆಕ್ನಿಕ್‌ಗೆ ರಾಮಶೆಟ್ಟಿ, ಲಾ ಕಾಲೇಜಿಗೆ ಲಕ್ಷ್ಮಣಶೆಟ್ಟಿ.

ಇನ್ನೊಂದು ವಿಷಯ ನೆನಪಿಡಿ. 1965ರಲ್ಲಿ ದಾವಣಗೆರೆ ಬರೀ ತಾಲ್ಲೂಕು ಕೇಂದ್ರ. ಜಿಲ್ಲೆ ಚಿತ್ರದುರ್ಗ. ನಾವು ಜಿಲ್ಲೆ ಆಗಿದ್ದು 1997ರಲ್ಲಿ, ಜೆ.ಎಚ್. ಪಟೇಲರ ಕಾಲದಲ್ಲಿ. ಅಂದ್ರೆ ಕಲೆಕ್ಟರ್ ಆಫೀಸು ಬರೋಕೆ ಮೂವತ್ತೆರಡು ವರ್ಷ ಮುಂಚೆ ಮೆಡಿಕಲ್ ಕಾಲೇಜು ಬಂದಿತ್ತು. ಸರ್ಕಾರ ಕೊಡಲಿ ಅಂತ ಕಾಯ್ದಿದ್ರೆ ಬರ್ತಿರಲಿಲ್ಲ.

ಕೋಟೆ ನಾಡು:
ಹಾಗಾದ್ರೆ ಭಾವನ ಪರವಾಗಿ ನಾನು ಒಂದು ಮಾತು ಹೇಳ್ಲೇಬೇಕು. ಜೆ.ಜೆ.ಎಂ. ಅಂದ್ರೆ ಏನು? ಜಗದ್ಗುರು ಜಯದೇವ ಮುರುಘರಾಜೇಂದ್ರ. ಯಾವೂರ ಮಠದ ಸ್ವಾಮಿಗಳು? ಚಿತ್ರದುರ್ಗದ ಮುರುಘಾ ಮಠ. ಜಿಲ್ಲೆ ನಮ್ಮದು, ಹೆಸರು ನಮ್ಮದು, ಆಗಿನ ಮುಖ್ಯಮಂತ್ರಿ ನಿಜಲಿಂಗಪ್ಪನವರೂ ನಮ್ಮ ದುರ್ಗದಲ್ಲಿ ವಕೀಲಿ ಮಾಡಿದೋರು. ಕಾಲೇಜು ಮಾತ್ರ ನಿಮ್ಮೂರಿಗೆ! ನಮಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದ್ದು 2023ರಲ್ಲಿ. ಲೆಕ್ಕ ಹಾಕಿ, 58 ವರ್ಷ.

ಹೊಂಡದ ಸರ್ಕಲ್:
ನಿಮಗೆ ಕೋಟೆ ಕೊಟ್ಟಿದಾರಲ್ಲ ಸ್ವಾಮಿ. ಏಳು ಸುತ್ತು. ಎಲ್ಲಾ ನಿಮಗೇ ಬೇಕಾ?

ಕೋಟೆ ನಾಡು:
ಕೋಟೆಗೆ ಹೋದ್ರೆ ಜ್ವರ ಹೋಗುತ್ತಾ?

ನಿವೃತ್ತ ಮೇಷ್ಟ್ರು:
ಜಯದೇವ ಶ್ರೀಗಳು ಬರೀ ದುರ್ಗಕ್ಕೆ ಸೇರಿದವರಲ್ಲ, ಅದನ್ನ ಮೊದಲು ಬಿಡಿ. ಊರೂರಲ್ಲಿ ಬಡ ಹುಡುಗರಿಗೆ ಉಚಿತ ಹಾಸ್ಟೆಲ್ ಮಾಡಿಸಿದವರು. ಹಳ್ಳಿ ಹುಡುಗ ಪೇಟೇಲಿ ಓದಬೇಕಾದ್ರೆ ಮೊದಲ ತೊಂದರೆ ಫೀಜಲ್ಲ, ರಾತ್ರಿ ಊಟ ಮತ್ತು ಮಲಗೋ ಜಾಗ. ಅದನ್ನ ಅರ್ಥ ಮಾಡಿಕೊಂಡಿದ್ರು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೂ ಅವರದೇ ಹೆಸರು. ಬೆಂಗಳೂರಲ್ಲಿ ಸ್ಟೆಂಟ್ ಹಾಕಿಸ್ಕೊಂಡು ಬಂದ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಪಿಬಿ ರೋಡ್:
ಅಯ್ಯೋ, ನಾನು ಆ ಜಯದೇವ ಅಂದ್ರೆ ಯಾರೋ ಹಾರ್ಟ್ ಡಾಕ್ಟ್ರು ಅಂದ್ಕೊಂಡಿದ್ದೆ. ಚಿಕ್ಕಪ್ಪನ್ನ ಕೇಳಿದೆ, ಡೆಂಟಲ್ಲೇ ಅಂತೆ. ಸಾರಿ.

ಭದ್ರಾ ನಾಲೆ:
ಕರ್ನಾಟಕದ ಮೊದಲ ಖಾಸಗಿ ಮೆಡಿಕಲ್ ಕಾಲೇಜು ನಮ್ಮದೇ ಅಂತ ಭಾವನಿಗೆ ಹೇಳಿ. ಬಾಯಿ ಮುಚ್ಚುತ್ತೆ.

ಹೌಸ್ ಸರ್ಜನ್ 89:
ಹೇಳಬೇಡಿ, ನಿಮ್ಮ ಬಾಯೇ ಮುಚ್ಚುತ್ತೆ. ಮೊದಲನೇದು ಮಣಿಪಾಲ, 1953, ಟಿ.ಎಂ.ಎ. ಪೈಗಳು. ಆಮೇಲೆ 1963ರಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜೆ.ಎನ್.ಎಂ.ಸಿ., ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜು, ಬೆಂಗಳೂರಿನ ಸೇಂಟ್ ಜಾನ್ಸ್. ನಂತರ 1965ಕ್ಕೆ ನಮ್ಮದು. ಸರ್ಕಾರದ್ದು ಆಗ ಇದ್ದಿದ್ದು ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ. ಒಂದು ಗಮನಿಸಿ: ಬೆಳಗಾವಿ, ಕಲಬುರಗಿ, ದಾವಣಗೆರೆ ಮೂರೂ ಕಡೆ ಊರಿನ ವಿದ್ಯಾಸಂಸ್ಥೆಗಳೇ ಮುಂದೆ ನಿಂತಿದ್ದು. ಆ ಒಂದೆರಡು ವರ್ಷದ ಗಾಳಿನೇ ಹಾಗಿತ್ತು.

ನಾನು ಅಲ್ಲೇ ಓದಿದವನು, ಹೆಸರಿನಲ್ಲೇ ಬ್ಯಾಚು ಇದೆ. ನಮ್ಮ ಮನೆಯಲ್ಲಿ ಮೂರು ಜನ ಅದೇ ಕಾಲೇಜು, ಮೂರು ಜನರ ಡಿಗ್ರಿ ಮೇಲೆ ಮೂರು ವಿಶ್ವವಿದ್ಯಾಲಯ. ಸೋದರಮಾವನದು ಮೈಸೂರು, ನನ್ನದು ಕುವೆಂಪು, ಮಗಳದು ರಾಜೀವ್ ಗಾಂಧಿ. ಕಟ್ಟಡ ಅದೇ, ಮೋಹರು ಬೇರೆ.

ಮಂಡಕ್ಕಿ ಭಟ್ಟಿ:
ಕ್ಯಾಂಟೀನ್ ಟೀನೂ ಅದೇ ಇರಬೇಕು.

ಡಿಸಿಎಂ ಟೌನ್‌ಶಿಪ್:
ಇಷ್ಟು ಹೊತ್ತು ಸುಮ್ಮನಿದ್ದೆ. ಈಗ ಕೇಳಿ. ನಮ್ಮಪ್ಪ ಕಾಟನ್ ಮಿಲ್‌ನಲ್ಲಿ ಸ್ಪಿನ್ನಿಂಗ್ ಖಾತೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ರಲ್ಲ, ಆ ಕಾಲ. ಮೂರು ಪಾಳಿ. ಸೈರನ್ ಕೂಗಿದ್ರೆ ಇಡೀ ಊರು ಗಡಿಯಾರ ಸರಿ ಮಾಡ್ಕಂತಿತ್ತು. ಡಿ.ಸಿ.ಎಂ., ಶಂಕರ್ ಮಿಲ್, ಗಣೇಶ್ ಮಿಲ್, ಆಂಜನೇಯ, ಚಂದ್ರೋದಯ, ಎಲ್ಲಮ್ಮ... ಒಂದಾದ ಮೇಲೊಂದು ಬಾಗಿಲು ಹಾಕಿದ್ವು. ಅಪ್ಪನ ಕೈಗೆ ಬಂದಿದ್ದು ಒಂದಿಷ್ಟು ಬಾಕಿ ಹಣ ಮತ್ತು ಕೆಮ್ಮು.

ಈಗ "ಮಿಲ್ ಹೋದ ಮೇಲೆ ಕಾಲೇಜು ಊರನ್ನ ಎತ್ತಿ ಹಿಡೀತು" ಅಂತೀರಿ. ಯಾರನ್ನ ಎತ್ತಿ ಹಿಡೀತು? ಮಿಲ್‌ಗೆ ಅಕ್ಷರ ಬರದೋನೂ ಹೋಗಬಹುದಿತ್ತು. ಕಾಲೇಜಿಗೆ ಅವನು ಏನಾಗಿ ಹೋಗ್ತಾನೆ? ಅಟೆಂಡರ್, ವಾಚ್‌ಮನ್, ಅಷ್ಟೂ ಆಗದಿದ್ರೆ ಗೇಟ್ ಮುಂದೆ ಆಟೋ. ನಮ್ಮಣ್ಣ ಆಟೋ ಓಡಿಸಿ ನನ್ನ ಓದಿಸಿದ. ಹಂಗಾಗಿ ನಾನು ಕಾಲೇಜಿಗೆ ಋಣಿ ಅಂತ ಬೇಕಾದ್ರೆ ಬರ್ಕೊಳ್ಳಿ. ಆದ್ರೆ ಒಂದು ಮಿಲ್ಲಿನ ಪಾಳೀಲಿ ಇರ್ತಿದ್ದ ಜನಕ್ಕೆ ಸಮ ಅಲ್ಲ ಅದು.

ಗುಂಡಿ ಸರ್ಕಲ್:
ಅಣ್ಣಾ, ಈ ಮಾತು ಭಾವ ಆಡಿದ್ರೆ ನಾನು ಸೋತೆ ಅಂತಲೇ ಲೆಕ್ಕ.

ರೂಮ್ ಬಾಡಿಗೆಗಿದೆ:
ಡಿಸಿಎಂ ಅವರು ಹೇಳಿದ್ದು ಸರಿ, ಆದ್ರೆ ಅರ್ಧ. ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲಿ ನಮ್ಮ ತಾಯಿ ಮೇಲಿನ ಎರಡು ರೂಮು ಮೆಡಿಕಲ್ ಹುಡುಗರಿಗೆ ಕೊಟ್ಟು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ರು. ವಿಧವೆ, ಪಿಂಚಣಿ ಇಲ್ಲ. ಆ ಓಣೀಲಿ ಹಂಗೇ ಬದುಕಿದ ಮನೆ ಎಷ್ಟಿವೆ ಗೊತ್ತಾ? ಮೆಸ್ಸು, ಜೆರಾಕ್ಸು, ಇಸ್ತ್ರಿ ಅಂಗಡಿ, ಬಿಳಿ ಕೋಟು ಹೊಲಿಯೋ ಟೈಲರು. ಪಿ.ಜೆ. ಬಡಾವಣೆ ಕಡೆ ನೋಡಿ, ಒಂದು ಮನೆ ಬಿಟ್ಟು ಒಂದು ಮನೆ ನರ್ಸಿಂಗ್ ಹೋಮು, ಮಧ್ಯದ್ದು ಮೆಡಿಕಲ್ ಶಾಪು.

ಉತ್ತರದ ಹುಡುಗರು ಮೊದಲು ಬಂದಾಗ ಅಮ್ಮನಿಗೆ ಹಿಂದಿ ಬರ್ತಿರಲಿಲ್ಲ, ಅವರಿಗೆ ಕನ್ನಡ ಬರ್ತಿರಲಿಲ್ಲ. ತಿಂಗಳ ಕೊನೆಗೆ ಅಮ್ಮ ಮೆಟ್ಟಿಲ ಮೇಲೆ ಸುಮ್ನೆ ನಿಂತ್ರೆ ಸಾಕು, ಬಾಡಿಗೆ ಬರ್ತಿತ್ತು.

ಗ್ಲಾಸ್ ಹೌಸ್:
ಹುಡುಗರ ಆರ್‌ಎಕ್ಸ್ 100 ಬೈಕ್ ಮರೆತ್ರಾ? ರಾತ್ರಿ ಹನ್ನೊಂದಕ್ಕೆ ಹದಡಿ ರಸ್ತೇಲಿ ಆ ಸೌಂಡು! ನಮ್ಮಜ್ಜ "ಡಾಕ್ಟ್ರಾಗೋಕೆ ಮುಂಚೆ ಪೇಶೆಂಟ್ ಆಗ್ತವೆ ಇವು" ಅಂತ ಬೈತಿದ್ರು.

ಹೌಸ್ ಸರ್ಜನ್ 89:
ಭಾಷೆ ವಿಷಯ ಬಂತಲ್ಲ, ಒಂದು ಹೇಳ್ತೀನಿ. ನಮ್ಮ ಬ್ಯಾಚಲ್ಲಿ ದಿಲ್ಲಿ ಕಡೆ ಹುಡುಗ ಒಬ್ಬ. ಕಷ್ಟಪಟ್ಟು ಕನ್ನಡ ಉರು ಹೊಡೆದಿದ್ದ. ಮಲ ಆಗಿದೆಯಾ ಅಂತ ಕೇಳೋಕೆ "ಹೊರಕಡೆ ಹೋಗಿದ್ರಾ" ಅನ್ನಬೇಕು ಅಂತ ಸಿಸ್ಟರ್ ಹೇಳಿಕೊಟ್ಟಿದ್ರು. ವಾರ್ಡಿನಲ್ಲಿ ಒಬ್ಬ ಅಜ್ಜನ್ನ ಕೇಳಿದ, "ಅಜ್ಜ, ನಿನ್ನೆ ಹೊರಗೆ ಹೋಗಿದ್ರಾ?" ಅಜ್ಜ, "ಹ್ಞೂಂ, ಹರಿಹರಕ್ಕೆ ಹೋಗಿದ್ದೆ, ಮಗಳ ಮನೆಗೆ." ಇವನು ಕೇಸ್ ಶೀಟಲ್ಲಿ ಸರಿಯಾಗಿದೆ ಅಂತ ಬರೆದ. ಮಾರನೇ ದಿನ ಅಜ್ಜನ ಹೊಟ್ಟೆ ಮೃದಂಗ. ಪ್ರೊಫೆಸರ್ ಕೈಲಿ ಅವನಿಗೆ ಆದ ಪೂಜೆ ಬರೆಯೋಕಾಗಲ್ಲ.

ಅವನು ಓದಿ ವಾಪಸ್ ಹೋದ. ಆದ್ರೆ ಎಲ್ಲರೂ ಹೋಗಲಿಲ್ಲ. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಆ ಕಡೆ ರಾಣೆಬೆನ್ನೂರು, ಇಲ್ಲೆಲ್ಲ ಬೋರ್ಡು ಹಾಕಿ ಕೂತವರಲ್ಲಿ ನಮ್ಮ ಕಾಲೇಜಿನವರು ಬೇಕಾದಷ್ಟು ಜನ.

ಜಗಳೂರು ಜಾಣ:
ಜಗಳೂರಿಗೆ ಡಾಕ್ಟ್ರು ಬಂದ್ರು, ನೀರು ಬರಲಿಲ್ಲ. ಬೋರ್ ನೀರಲ್ಲಿ ಫ್ಲೋರೈಡು, ಹಲ್ಲೆಲ್ಲ ಕಂದು. ನಾನು ನಕ್ಕರೆ ಯಾವ ತಾಲ್ಲೂಕು ಅಂತ ಡೆಂಟಲ್ ಕಾಲೇಜಿನ ಹುಡುಗರು ಹೇಳಿಬಿಡ್ತಿದ್ರು.

ಸೂಳೆಕೆರೆ:
ಇಲ್ಲಿ ಯಾರೂ ಸೀಟಿನ ವಿಷಯ ಎತ್ತಲ್ವಲ್ಲ? ಹೋಳಿಗೆ ಭಾವ ಕೇಳಿದ್ದು ಅದನ್ನೇ. "ಸಮುದಾಯ ಕಟ್ಟಿದ್ದು" ಅಂತ ಹೇಳಿದ ಮಾತ್ರಕ್ಕೆ ಸಮುದಾಯ ಒಳಗೆ ಹೋಗೋಕಾಗ್ತಿತ್ತಾ? ಎಂಬತ್ತರ ದಶಕದಲ್ಲಿ ಡೊನೇಶನ್ ಅನ್ನೋ ಪದ ಇಡೀ ದೇಶಕ್ಕೆ ಕಲಿಸಿದ್ದು ಕರ್ನಾಟಕ. ಯಾವುದೋ ಒಂದು ಕಾಲೇಜಿನ ಮಾತಲ್ಲ ಇದು, ರಾಜ್ಯದ ಕಥೆ.

ವಕೀಲರ ಬೀದಿ:
ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನನ್ನ ಕಸುಬಿಗೆ ಹತ್ತಿರದ್ದು. ಕ್ಯಾಪಿಟೇಶನ್ ಫೀ, ಅಂದ್ರೆ ಈ ಡೊನೇಶನ್ನೇ, ಅದರ ನಿಷೇಧ ಕಾಯ್ದೆಯನ್ನ ಕರ್ನಾಟಕ 1984ರಲ್ಲೇ ಮಾಡ್ತು. ಆದ್ರೆ ಅದರಡಿ ಹೊರಡಿಸಿದ ಶುಲ್ಕದ ಪಟ್ಟಿ ನೋಡಿ: ಖಾಸಗಿ ಕಾಲೇಜಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಅನ್ನೋ ವಿದ್ಯಾರ್ಥಿನಿ ತುಮಕೂರಿನ ಒಂದು ಕಾಲೇಜಿನ ಪ್ರವೇಶದ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋದ್ರು. 1992ರ ತೀರ್ಪು: ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ. ಮರುವರ್ಷ ಉನ್ನಿಕೃಷ್ಣನ್ ತೀರ್ಪು: ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಭಾಗ ಮಾಡಿ, ಮೆರಿಟ್ ಮೇಲೆ ಕೊಡಿ. ಅದರ ಬೆನ್ನಿಗೇ 1994ರಲ್ಲಿ ನಮ್ಮ ಸಿ.ಇ.ಟಿ. ಬಂತು.

ಸಿ.ಇ.ಟಿ. ಬಂದ ಮೇಲೆ ಹಳ್ಳಿ ಹುಡುಗರಿಗೂ ಕನ್ನಡ ಮೀಡಿಯಂ ಹುಡುಗರಿಗೂ ಖಾಸಗಿ ಕಾಲೇಜಿನ ಬಾಗಿಲು ತೆರೀತು. ಅದಕ್ಕೆ ಮುಂಚಿನದೂ ಆಮೇಲಿನದೂ ಒಂದೇ ತಕ್ಕಡೀಲಿ ತೂಗಬೇಡಿ.

ಸೂಳೆಕೆರೆ:
ಈಗ ನೀಟ್ ಬಂತು, ಕೋಚಿಂಗ್ ಫೀಜೇ ಡೊನೇಶನ್ ಆಗಿದೆ. ಅದನ್ನೂ ಬರೀರಿ.

ವಕೀಲರ ಬೀದಿ:
ಬರೆದೆ ಅಂದ್ಕೊಳ್ಳಿ.

ಕಡ್ಲೆ ಮಿಠಾಯಿ:
ಎಲ್ಲಾ ಸರಿ, ಆ ಮನೆತನ, ಈ ಮನೆತನ, ಕೊನೆಗೆ ಯಾವ ಪಕ್ಷಕ್ಕೆ ಓಟು ಅನ್ನೋದೇ ಅಲ್ವಾ ಕಥೆ? ಶಾಮನೂರು ಶಿವಶಂಕರಪ್ಪನವರು ದಶಕಗಟ್ಟಲೆ ಬಿ.ಇ.ಎ. ಕಾರ್ಯದರ್ಶಿ, ಶಾಸಕರು, ಸಂಸದರೂ ಆದ್ರು. 2024ರಲ್ಲಿ ಗೆದ್ದ ಸಂಸದೆ ಅವರ ಸೊಸೆ, ಹಲ್ಲಿನ ಡಾಕ್ಟರ್. ಈ ಊರಲ್ಲಿ ಆಸ್ಪತ್ರೆ ಬೇರೆ, ರಾಜಕೀಯ ಬೇರೆ ಅಂತ ಯಾರಾದ್ರೂ ಹೇಳಿದ್ರೆ ನಗ್ತೀನಿ.

ನಿರ್ವಾಹಕ:
ಇದರ ಕೆಳಗೆ ಬಂದ ಹನ್ನೊಂದು ಉತ್ತರ ತೆಗೆದಿದ್ದೇನೆ. ಜಾತಿ, ಪಕ್ಷದ ಬೈಗುಳ ಇಲ್ಲಿ ಬೇಡ. ಕಾಲೇಜಿನ ಬಗ್ಗೆ ಮಾತಾಡಿ.

ಮಂಡಕ್ಕಿ ಭಟ್ಟಿ:
ಆ ಹನ್ನೊಂದರಲ್ಲಿ ನನ್ನದು ಖಾರ ಮಂಡಕ್ಕಿ ಬಗ್ಗೆ ಇತ್ತು ಗುರುವೇ. ಅದನ್ಯಾಕೆ ತೆಗೆದ್ರಿ?

ಸಿಸ್ಟರಮ್ಮ:
ನಾನು ಸರ್ಕಾರಿ ಆಸ್ಪತ್ರೇಲಿ ಮೂವತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದೋಳು. ಮಗಳ ಫೋನಲ್ಲಿ ಬರೀತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನೀವೆಲ್ಲ ದುಡ್ಡು ಕೊಟ್ಟೋರ ಹೆಸರು, ಸೀಟು ತಗೊಂಡೋರ ಲೆಕ್ಕ ಹೇಳ್ತಿದೀರಿ. ಮೆಡಿಕಲ್ ಕಾಲೇಜಿಗೆ ಮೊದಲು ಬೇಕಾಗಿದ್ದು ರೋಗಿ ಕಣ್ರಪ್ಪ. ಕಟ್ಟಡ ಇದ್ದು ಹಾಸಿಗೆ ಖಾಲಿ ಇದ್ರೆ ಯಾರ ಮೇಲೆ ಕಲೀತಾರೆ? ಇಲ್ಲಿನ ಹುಡುಗರು ಚಿಗಟೇರಿ ಆಸ್ಪತ್ರೇಲೂ ಕಲಿತ್ರು, ಬಾಪೂಜೀಲೂ ಕಲಿತ್ರು. ಚಿಗಟೇರಿ ಸರ್ಕಾರದ ಜಿಲ್ಲಾಸ್ಪತ್ರೆ. ಅಲ್ಲಿಗೆ ಬರೋರು ಯಾರು? ಕಾಸಿಲ್ಲದೋರು.

ಬೆಳಗ್ಗೆ ರೌಂಡ್ಸಿಗೆ ಒಂದು ಮಂಚದ ಸುತ್ತ ಹತ್ತು ಹನ್ನೆರಡು ಹುಡುಗರು ನಿಲ್ಲೋರು. ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ಒತ್ತಿ ನೋಡೋರು. ಒಂದು ಅಜ್ಜಿ ಇತ್ತು, ಹರಪನಹಳ್ಳಿ ಕಡೇದು. ಐದನೇ ಹುಡುಗ ಕೈ ಇಟ್ಟಾಗ, "ಯಪ್ಪಾ, ಜ್ವಾಳದ ಹಿಟ್ಟು ನಾದಿದಂಗ ನಾದ್ತೀರಲ್ಲೋ, ರೊಟ್ಟಿ ತಟ್ಟೋದು ಯಾವಾಗ?" ಅಂತು. ವಾರ್ಡೆಲ್ಲ ನಗು. ಅದೇ ಅಜ್ಜೀನ ಆಮೇಲೆ ಹುಡುಗರ ಪರೀಕ್ಷೆಗೆ ರೋಗಿ ಮಾಡಿ ಮಲಗಿಸಿದ್ರು. ಒಬ್ಬ ಹುಡುಗ ಗಡಗಡ ನಡುಗ್ತಿದ್ದ, ಏನೂ ಸಿಗ್ತಿಲ್ಲ ಅವನಿಗೆ. ಅಜ್ಜಿ ಆ ಕಡೆ ಈ ಕಡೆ ನೋಡಿ ಮೆಲ್ಲಗೆ, "ಎಡಗಡೆ ಪಕ್ಕೆ ಕೆಳಗ ಒತ್ತಲೇ ಮಗಾ, ಎಲ್ಲಾರೂ ಹುಡುಕೋದು ಅಲ್ಲೇ" ಅಂತು. ಪಾಸಾದ. ಈಗ ದೊಡ್ಡ ಡಾಕ್ಟ್ರು. ಹೆಸರು ಹೇಳಲ್ಲ.

ಭಾವನವರಿಗೆ ಹೇಳಿ, ಆ ಅಜ್ಜೀನೂ ಕಾಲೇಜು ಕಟ್ಟಿದೋಳೇ.

ಹೌಸ್ ಸರ್ಜನ್ 89:
ಸಿಸ್ಟರ್, ನಮಸ್ಕಾರ. ಆ ಹುಡುಗ ನಾನಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ನನಗೆ ಬಂದಿದ್ದು ಹೃದಯದ ಕೇಸು, ಆ ರೋಗಿಯೂ ಹೇಳಿಕೊಟ್ಟಿದ್ರು.

ಡಿಸಿಎಂ ಟೌನ್‌ಶಿಪ್:
ಸಿಸ್ಟರಮ್ಮ, ನಮ್ಮಪ್ಪನ ಕೆಮ್ಮಿನ ಎದೆಗೂ ಸ್ಟೆತಾಸ್ಕೋಪ್ ಇಟ್ಟು ಒಂದು ಬ್ಯಾಚೇ ಕಲಿತಿದೆ. ನೀವು ಹೇಳೋವರೆಗೂ ನಾನು ಹಂಗೆ ಯೋಚನೆ ಮಾಡಿರಲಿಲ್ಲ.

ಚಿಗಟೇರಿ ಚಿಗುರು:
ಚಿಗಟೇರಿ ನಮ್ಮೂರು! ಹರಪನಹಳ್ಳಿ ತಾಲ್ಲೂಕು, ನಾರದಮುನಿ ಗುಡಿ ಇರೋದು. ದಾವಣಗೆರೇಲಿ ಯಾರಿಗಾದ್ರೂ "ನಾನು ಚಿಗಟೇರಿಯವನು" ಅಂದ್ರೆ "ಯಾವ ವಾರ್ಡು?" ಅಂತ ಕೇಳ್ತಾರೆ.

ಮಂಡಕ್ಕಿ ಭಟ್ಟಿ:
😂😂 ಇವತ್ತಿನ ಬಹುಮಾನ ಇದಕ್ಕೇ.

ಸೂಳೆಕೆರೆ:
ಸಿಸ್ಟರ್ ಹೇಳಿದ್ದಕ್ಕೆ ಒಂದು ಗಂಟು ಇದೆ, ಅದನ್ನೂ ಬಿಚ್ಚಬೇಕು. ಕಾಲೇಜು ಖಾಸಗಿ, ದುಡಿಯೋದು ಸರ್ಕಾರಿ ಆಸ್ಪತ್ರೇಲಿ. ಹಾಗಾದ್ರೆ ಹೌಸ್ ಸರ್ಜನ್‌ಗಳಿಗೆ, ಪಿ.ಜಿ.ಗಳಿಗೆ ಸ್ಟೈಪೆಂಡ್ ಕೊಡೋರು ಯಾರು? ಸರ್ಕಾರವೋ, ಆಡಳಿತ ಮಂಡಳಿಯೋ? 2020ರಲ್ಲಿ, ಕೋವಿಡ್ ಮಧ್ಯೆ, ಸರ್ಕಾರಿ ಕೋಟಾದ ಹುಡುಗರು ತಿಂಗಳುಗಟ್ಟಲೆ ಸ್ಟೈಪೆಂಡ್ ಬರದೆ ಧರಣಿ ಕೂತಿದ್ದು ಎಲ್ಲ ಪೇಪರಲ್ಲೂ ಬಂತು. ಇಬ್ಬರ ಜಗಳದಲ್ಲಿ ಹುಡುಗರು ಬಡವಾದ್ರು. ಅದಕ್ಕೇ ಇಲ್ಲಿ ಸರ್ಕಾರದ್ದೇ ಒಂದು ಮೆಡಿಕಲ್ ಕಾಲೇಜು ಬೇಕು ಅಂತ ಕೂಗು. ದುರ್ಗಕ್ಕೆ ಬಂತು, ಹಾವೇರಿಗೆ ಬಂತು, ಶಿವಮೊಗ್ಗಕ್ಕೆ ಯಾವಾಗಲೋ ಬಂತು.

ಕೋಟೆ ನಾಡು:
ಆಗ 58 ವರ್ಷ ನಾವು ಕಾದ್ವಿ. ಈಗ ನೀವು ಕಾಯ್ರಿ. ಕೋಟೆ ನೋಡೋಕೆ ಬರ್ರಿ ಅಲ್ಲೀವರೆಗೆ.

ಹೌಸ್ ಸರ್ಜನ್ 89:
ಜಗಳದ ಮಧ್ಯೆ ಒಂದು ಸಣ್ಣ ಸಾಮಾನಿನ ಕಥೆ ಹೇಳ್ತೀನಿ, ಯಾಕಂದ್ರೆ ಊರಲ್ಲಿ ಇದು ಯಾರಿಗೂ ಗೊತ್ತಿಲ್ಲ, ಹೊರಗೆ ಗೊತ್ತು.

ಬಾಣಂತಿಯರಲ್ಲಿ ಕೆಲವರಿಗೆ ಮೊಲೆತೊಟ್ಟು ಒಳಗೆ ಸೇರಿಕೊಂಡಿರುತ್ತೆ. ಕೂಸಿಗೆ ಬಾಯಿ ಹಿಡಿಯೋಕೆ ಆಗಲ್ಲ, ಅದು ಅಳುತ್ತೆ, ತಾಯಿ ಅಳ್ತಾಳೆ. ಆಗ ಅತ್ತೆ "ಇವಳಿಗೆ ಹಾಲೇ ಇಲ್ಲ" ಅಂತಾಳೆ. ಬಾಟ್ಲು ಬರುತ್ತೆ, ಹಸುವಿನ ಹಾಲಿಗೆ ಅರ್ಧ ನೀರು. ಹದಿನೈದು ದಿನಕ್ಕೆ ಭೇದಿ. ಆಮೇಲೆ ಕೂಸನ್ನ ಎತ್ತಿಕೊಂಡು ದಾವಣಗೆರೆ ಬಸ್ಸು. ಮಕ್ಕಳ ವಿಭಾಗದಲ್ಲಿ ಇದ್ದೋರಿಗೆ ಈ ಸಾಲು ಬಾಯಿಪಾಠ.

ಇದಕ್ಕೆ ವಿದೇಶದಲ್ಲಿ ದುಬಾರಿ ಸಲಕರಣೆ ಇದ್ವು. ನಮ್ಮಲ್ಲಿ ಡಾ. ನಿರ್ಮಲಾ ಕೇಸರಿ ಮೇಡಂ, ಡಾ. ಬಣಾಪುರಮಠ ಸರ್ ಅವರ ತಂಡ ಏನು ಮಾಡ್ತು ಅಂದ್ರೆ, ಮೆಡಿಕಲ್ ಶಾಪಲ್ಲಿ ಸಿಗೋ ಸಾದಾ ಸಿರಿಂಜ್ ತಗೊಂಡ್ರು. ಸೂಜಿ ಸಿಗಿಸೋ ತುದೀನ ಬ್ಲೇಡಲ್ಲಿ ಕತ್ತರಿಸಿದ್ರು. ಪಿಸ್ಟನ್ ಹೊರಗೆ ತೆಗೆದು ಆ ಕತ್ತರಿಸಿದ ಕಡೆಯಿಂದ ತೂರಿಸಿದ್ರು. ಈಗ ನುಣುಪಾದ ಬಾಯಿ ತಾಯಿ ಮೈಗೆ ಬರುತ್ತೆ, ಒರಟು ಅಂಚು ತಾಗಲ್ಲ. ಪಿಸ್ಟನ್ ಮೆಲ್ಲಗೆ ಹಿಂದಕ್ಕೆ ಎಳೆದ್ರೆ ತೊಟ್ಟು ಹೊರಗೆ ಬರುತ್ತೆ. ಎಳೆಯೋದು ಡಾಕ್ಟ್ರಲ್ಲ, ತಾಯೀನೇ. ಎಷ್ಟು ಎಳೆದ್ರೆ ನೋವು ಅಂತ ಅವಳಿಗೇ ತಾನೆ ಗೊತ್ತು. ಹಾಲು ಕುಡಿಸೋಕೆ ಮುಂಚೆ ಅಷ್ಟು ಮಾಡಿ ಕೂಸಿಗೆ ಹಿಡಿಸೋದು.

1993ರಲ್ಲಿ ಇದು 'ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಶನ್' ಅನ್ನೋ ವಿದೇಶಿ ಪತ್ರಿಕೇಲಿ ಅಚ್ಚಾಯ್ತು. ವಿಶ್ವ ಆರೋಗ್ಯ ಸಂಸ್ಥೆಯವರ ಎದೆಹಾಲಿನ ತರಬೇತೀಲೂ ಈ ಸಿರಿಂಜ್ ವಿಧಾನ ಸೇರಿದೆ. ಡಬ್ಬಿ ಹಾಲಿನ ಪುಡಿಯ ಜಾಹೀರಾತಿಗೆ ಕೇಂದ್ರ ಸರ್ಕಾರ ಕಾಯ್ದೆ ಮಾಡಿ ಮೂಗುದಾರ ಹಾಕಿದ್ದು 1992ರಲ್ಲಿ, ಹತ್ತಿರ ಹತ್ತಿರ ಅದೇ ಹೊತ್ತು. ಊರಿಗೇನು ಸಿಕ್ತು ಅಂತ ಭಾವ ಕೇಳಿದ್ರಲ್ಲ. ಊರಿಂದ ಹೊರಗೆ ಏನು ಹೋಯ್ತು ಅಂತಲೂ ಕೇಳಬಹುದು.

ಭದ್ರಾ ನಾಲೆ:
ಇಷ್ಟು ವರ್ಷ ಬಾಪೂಜಿ ಮಕ್ಕಳ ಆಸ್ಪತ್ರೆ ಮುಂದೆ ಹಾಲಿನ ವ್ಯಾನ್ ಓಡಿಸಿದೀನಿ. ಇದು ಕೇಳೇ ಇರಲಿಲ್ಲ.

ಪಿಬಿ ರೋಡ್:
ಮನೇಲಿ ಯಾರಾದ್ರೂ ಇದನ್ನ ಓದ್ಕೊಂಡು ತಾವೇ ಬ್ಲೇಡು ಹಿಡಿದಾರು. ಡಾಕ್ಟ್ರೇ, ಒಂದು ಎಚ್ಚರಿಕೆ ಬರೀರಿ.

ಹೌಸ್ ಸರ್ಜನ್ 89:
ಸರಿಯಾಗಿ ಹೇಳಿದ್ರಿ. ಆಸ್ಪತ್ರೇಲಿ ಒಂದು ಸಲ ತೋರಿಸಿಕೊಂಡು, ಅವರು ಮಾಡಿಕೊಟ್ಟಿದ್ದನ್ನೇ ಬಳಸಿ.

ರೂಮ್ ಬಾಡಿಗೆಗಿದೆ:
ನನಗೆ ನನ್ನ ಮೊದಲ ಬಾಣಂತನ ನೆನಪಾಯ್ತು. ಬೇರೆ ಊರು, ಯಾವ ಆಸ್ಪತ್ರೆ ಅಂತ ಹೇಳಲ್ಲ. ಮೂರನೇ ದಿನ "ಹಾಲು ಸಾಲಲ್ಲ, ಪುಡಿ ಬರೆದುಕೊಡ್ತೀವಿ" ಅಂದ್ರು, ನೋಡೋಕೂ ಇಲ್ಲ ಮುಟ್ಟೋಕೂ ಇಲ್ಲ. ತವರಿಗೆ ಬಂದೆ. ಇಲ್ಲಿ ಒಬ್ಬ ಸಿಸ್ಟರ್ ಪಕ್ಕದಲ್ಲಿ ಒಂದು ಗಂಟೆ ಕೂತು, ಕೂಸನ್ನ ಹೆಂಗೆ ಹಿಡೀಬೇಕು ಅಂತ ತೋರಿಸಿದ್ರು. ಅಷ್ಟೇ. ಸಿರಿಂಜೂ ಬೇಕಾಗಲಿಲ್ಲ. ಆ ಮಗಳು ಈಗ ನೀಟ್‌ಗೆ ಓದ್ತಿದಾಳೆ.

ಸಿಸ್ಟರಮ್ಮ:
ಒಳ್ಳೇದಾಗ್ಲವ್ವ. ಓದೋ ಹುಡುಗಿಗೆ ರಾತ್ರಿ ಎದ್ದಿರೋಕೆ ಬಿಡಬೇಡ. ಬೆಳಗ್ಗೆ ಎಬ್ಬಿಸು.

ಗ್ಲಾಸ್ ಹೌಸ್:
ದುರ್ಗದೋರಿಗೆ ಒಂದು ಪ್ರಶ್ನೆ ಉಳೀತು. ಕೋಟೆ ನಾಡು ಅವರೇ, ನಿಮ್ಮ ಕಡೆ ಬಸವೇಶ್ವರ ಮೆಡಿಕಲ್ ಕಾಲೇಜು ಇಲ್ವಾ? 58 ವರ್ಷ ಏನೂ ಇರಲಿಲ್ಲ ಅನ್ನೋ ಹಂಗೆ ಅಳ್ತಿದೀರಲ್ಲ.

ಕೋಟೆ ನಾಡು:
ಇದೆ, ಮುರುಘಾ ಮಠದ ಎಸ್.ಜೆ.ಎಂ. ವಿದ್ಯಾಪೀಠದ್ದು, ಖಾಸಗಿ. ನಾನು ಸರ್ಕಾರಿ ಅಂದಿದ್ದೆ, ಸರಿಯಾಗಿ ಓದ್ರಿ. ಆದ್ರೂ ಒಪ್ಕೋತೀನಿ, ನಮ್ಮಜ್ಜಿಗೆ ಕಣ್ಣಿನ ಆಪರೇಶನ್ ಆಗಿದ್ದು ದಾವಣಗೆರೇಲೇ. ಅರವತ್ತು ಕಿಲೋಮೀಟರ್ ಬಸ್ಸಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾಪಸ್ ಬಂದ್ಲು, ಬಸ್ಸಲ್ಲಿದ್ದ ಎಲ್ಲರಿಗೂ ಡಾಕ್ಟ್ರ ಗುಣಗಾನ ಮಾಡ್ಕೊಂಡು. ಇದನ್ನ ಭಾವನಿಗೆ ತೋರಿಸಬೇಡಿ, ಒಂದೇ ಊರೋರು ನಾವು.

ಗುಂಡಿ ಸರ್ಕಲ್:
ತಡವಾಯ್ತು, ಭಾವ ಇಡೀ ದಿನ ಎಲ್ಲಾ ಓದ್ತಿದಾರೆ, ನಾನೇ ಲಿಂಕ್ ಕಳ್ಸಿದ್ದೆ. ಈಗ ಫೋನ್ ಬಂದಿತ್ತು. ಡಿಸಿಎಂ ಅಣ್ಣನ ಮಾತು ತಮ್ಮ ಕಡೆಗೇ ಸೇರುತ್ತೆ ಅಂತ ಹಟ. ಸೀಟಿನ ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡಲ್ಲವಂತೆ. ಸಿಸ್ಟರಮ್ಮ ಹೇಳಿದ ಅಜ್ಜಿ ವಿಷಯಕ್ಕೆ ಬಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದಿರ್ಲಿ, ಮಂಗಳವಾರ ನಿಮ್ಮಕ್ಕನ ಮಂಡಿ ನೋವಿಗೆ ಅಲ್ಲಿಗೇ ಕರ್ಕೊಂಡು ಬರ್ತೀನಿ, ಓಪಿಡಿ ಚೀಟಿ ಎಷ್ಟೊತ್ತಿಗೆ ಮಾಡಿಸ್ಬೇಕು ಕೇಳಿ ಇಡು" ಅಂದ್ರು.

ಯಾರಿಗಾದ್ರೂ ಗೊತ್ತಾ?

ಸಿಸ್ಟರಮ್ಮ:
ಎಂಟಕ್ಕೆಲ್ಲ ಸಾಲಲ್ಲಿ ಇರ್ಲಿ. ಹಳೇ ಎಕ್ಸ್‌ರೇ ಇದ್ರೆ ತರೋಕೆ ಹೇಳಿ. ಮಂಗಳವಾರ ಜನ ಜಾಸ್ತಿ, ಬುಧವಾರ ಬಂದ್ರೆ ಇನ್ನೂ ಒಳ್ಳೇದು.

ಮಂಡಕ್ಕಿ ಭಟ್ಟಿ:
ಬುಧವಾರ ಬಂದ್ರೆ ನನ್ನ ಅಂಗಡೀಗೂ ಕರ್ಕೊಂಡು ಬರ್ರಿ. ಭಾವನಿಗೆ ಮೆಣಸಿನಕಾಯಿ ಎಕ್ಸ್ಟ್ರಾ.